ಸಪ್ನಾ ಹೆಸರಿನ ಸೊನ್ನೆ ಖಾತೆ

ಜೂನ್ 3, ಬೆಳಿಗ್ಗೆ 6.10

ಕುಕ್ಕರ್ ಮೂರನೇ ಸೀಟಿ ಹಾಕಿತು. ಡಬ್ಬಿ ಇನ್ನೂ ಕಟ್ಟಿಲ್ಲ. ಆದರೂ ಇದನ್ನು ಬರೆಯದೆ ಹೊರಟರೆ ಬಸ್ಸಿನಲ್ಲಿ ಯಾರ ಜೊತೆಗಾದರೂ ಜಗಳ ತೆಗೆಯುತ್ತೇನೆ.

ಮೊನ್ನೆ ಪಗಾರ ಬಂತು. ನಿನ್ನೆ ಹೋಯಿತು. ಸಾಲದ ಕಂತು, ಹೋದ ತಿಂಗಳು ತಪ್ಪಿದ ಕಂತು, ಖಾತೆಯಲ್ಲಿ ದುಡ್ಡಿರಲಿಲ್ಲ ಎಂದು ದಂಡ. ದುಡ್ಡಿಲ್ಲದವರ ಹತ್ತಿರ ದಂಡ! ಉಳಿದದ್ದು 212 ರೂಪಾಯಿ.

ಸಾಲ ನನ್ನ ಹೆಸರಿನಲ್ಲಿ, ಪಗಾರ ಬರುವ ಬ್ಯಾಂಕಿನದೇ. ಎಣ್ಣೆ ತೆಗೆಯುವ ಮಷಿನ್ ಮಾತ್ರ ನನ್ನ ಗಂಡನದು. “ನಮ್ಮ ಕೋಥರೂಡದ ಮಂದಿಯೆಲ್ಲಾ ಗಾಣದ ಎಣ್ಣಿ ಕೇಳ್ಲಿಕತ್ತಾರ, ಹರ್ಷಿ” ಅಂದಿದ್ದ ವಿಕ್ರಮ. ಕೇಳಿದವರು ಎಲ್ಲರೂ ಹೌದು. ಕೊಂಡವರು ಆರು ಮಂದಿ. ಅಡಿಗೆಮನೆಯಲ್ಲಿ ಇಪ್ಪತ್ತೆರಡು ಡಬ್ಬಿ ಶೇಂಗಾ ಎಣ್ಣೆ ಕೂತಿದೆ. ಅವನ ಬೇರೆ ಗಳಿಕೆ ಮನೆ ಬಾಡಿಗೆಗೇ ಸರಿ.

ಅತ್ತೆಗೆ ಸಾಲದ ಸುದ್ದಿ ಗೊತ್ತಿಲ್ಲ. ಗೊತ್ತಾಗಲೂಬಾರದು. ಅವರೆದುರು ‘ಸಾಲ’ ಎಂದರೆ ಮುಗಿಯಿತು, ಅವತ್ತು ಊಟ ಬಿಡುತ್ತಾರೆ.

ಅಕ್ಕಿ ಭಾನುವಾರದವರೆಗೆ ಬರುತ್ತದೆ.

ಜೂನ್ 5, ಊಟದ ಬಿಡುವು, ಖರಾಡಿ

ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಲೆಕ್ಕ ನೋಡುವ ಅಮೇಯನಿಗೆ ಹೇಳಿಯೇಬಿಟ್ಟೆ. ಬೇರೆ ದಾರಿ ಇರಲಿಲ್ಲ, ಅಡ್ವಾನ್ಸ್ ಕೇಳಬೇಕಿತ್ತು. ಐದು ಸಾವಿರ ಕೊಡಿಸಿದ. ಜೊತೆಗೆ ಬುದ್ಧಿಯನ್ನೂ ಕೊಟ್ಟ, ತಣ್ಣಗೆ, ಮರಾಠಿಯಲ್ಲಿ:

“ಸಾಲ ಕೊಟ್ಟವರ ಕೈಯಲ್ಲೇ ಪಗಾರ ಇಟ್ಟರೆ ಹೀಗೇ ಆಗೋದು ತಾಯಿ. ಬೇರೆ ಬ್ಯಾಂಕಿನಲ್ಲಿ ಬೇಸಿಕ್ ಖಾತೆ ತೆಗೀರಿ. ಸೊನ್ನೆ ಇದ್ದರೂ ನಡೆಯುತ್ತದೆ, ದಂಡ ಇಲ್ಲ. ಪಗಾರ ಅಲ್ಲಿಗೆ ಬರಲಿ. ಮೊದಲು ಅಕ್ಕಿ, ಆಮೇಲೆ ಕಂತು. ಹಳೆ ಬ್ಯಾಂಕಿಗೆ ಹೋಗಿ ಎಷ್ಟು ಕಟ್ಟಬಲ್ಲಿರಿ ಅಂತ ಬಾಯಿಬಿಟ್ಟು ಹೇಳಿ.”

ಓಡಿ ಹೋಗುವುದಲ್ಲ, ಎದುರು ಕೂತು ಮಾತಾಡುವುದು. ಇಷ್ಟು ಸರಳ! ಆದರೆ 20ರೊಳಗೆ ಹೊಸ ಖಾತೆಯ ನಂಬರ್ ಬೇಕಂತೆ. ತಪ್ಪಿದರೆ ಮುಂದಿನ ಪಗಾರವೂ ಸ್ವಾಹಾ.

ಹದಿನೈದು ದಿನ ಇದೆ. ಬೇಕಾದಷ್ಟಾಯಿತು.

ಜೂನ್ 10

ಬೇಕಾದಷ್ಟೇನೂ ಅಲ್ಲ.

ಮನೆ ಹತ್ತಿರದ ಸರ್ಕಾರಿ ಬ್ಯಾಂಕು. ಕೌಂಟರಿನ ಹುಡುಗಿ ಒಳ್ಳೆಯವಳೇ. ಪ್ಯಾನ್ ಕಾರ್ಡ್ ನೋಡಿದಳು — ಸಪ್ನಾ. ಆಧಾರ್ ನೋಡಿದಳು — ಹರ್ಷದಾ. ನನ್ನ ಮುಖ ನೋಡಿದಳು.

“ಇಬ್ಬರಲ್ಲಿ ನೀವು ಯಾರು?”

ಇಬ್ಬರೂ ನಾನೇ ಅಂದೆ. ಹಿಂದೆ ಸಾಲಿನಲ್ಲಿದ್ದ ಅಜ್ಜ ನಕ್ಕ.

ಧಾರವಾಡದಲ್ಲಿ ಹುಟ್ಟಿದಾಗ ಸಪ್ನಾ. ಇಲ್ಲಿ ಮದುವೆಯ ದಿನ, ಸೊಸೆಗೆ ಹೊಸ ಹೆಸರಿಡುವ ಶಾಸ್ತ್ರಕ್ಕೆ, ತಟ್ಟೆಯಲ್ಲಿ ಅಕ್ಕಿ ಹರವಿ, ವಿಕ್ರಮನ ಕೈಯಲ್ಲಿ ಉಂಗುರ ಕೊಟ್ಟು ಅತ್ತೆ ಬರೆಸಿದ್ದು ಹರ್ಷದಾ. ಅವತ್ತಿನಿಂದ ಮನೆಯಲ್ಲಿ ಹರ್ಷದಾ, ಆಫೀಸಿನಲ್ಲಿ ಸಪ್ನಾ. ಹದಿನಾಲ್ಕು ವರ್ಷ ಇಬ್ಬರೂ ಚೆನ್ನಾಗಿಯೇ ಸಂಸಾರ ಮಾಡಿದೆವು. ಹೋದ ವರ್ಷ ರೇಷನ್ ಕಾರ್ಡಿಗೆಂದು ಅತ್ತೆ ಆಧಾರ್‌ನಲ್ಲೂ ಹೆಸರು ಬದಲಿಸಿದರು. ಅಲ್ಲಿಗೆ ಕೆಟ್ಟಿತು.

ಎರಡೂ ಹೆಸರಿರುವ ಮದುವೆ ಸರ್ಟಿಫಿಕೇಟ್ ತಂದರೆ ಸಪ್ನಾ ಹೆಸರಿಗೇ ಖಾತೆ ಆಗುತ್ತದಂತೆ. ಸರ್ಟಿಫಿಕೇಟ್ ಅತ್ತೆಯ ಕಪಾಟಿನಲ್ಲಿ. ಕೀಲಿ ಅತ್ತೆಯ ಸೊಂಟದಲ್ಲಿ.

ಜೂನ್ 12, ಮಧ್ಯಾಹ್ನ

ರಜೆ ಹಾಕಿದೆ. ವಿಕ್ರಮನ ಪ್ಲಾನು: ಅತ್ತೆ ಸ್ನಾನಕ್ಕೆ ಹೋದಾಗ ಕೀಲಿ ಮೊಳೆಯಲ್ಲಿ ತೂಗುತ್ತಿರುತ್ತದೆ.

ಮೊಳೆಯಲ್ಲಿ ಕೀಲಿ ಇರಲಿಲ್ಲ. ಸ್ನಾನಕ್ಕೂ ಕಟ್ಟಿಕೊಂಡೇ ಹೋಗುತ್ತಾರೆ! ಮಹಾರಾಯ ಆಮೇಲೆ “ಅವ್ವಾ, ಪಾಸ್‌ಪೋರ್ಟಿಗೆ ಸರ್ಟಿಫಿಕೇಟ್ ಬೇಕಾಗಿತ್ತು” ಅಂದ.

“ಎಲ್ಲಿಗೆ ಹೊಂಟೀಯಪಾ?”

“...ಸಿಂಗಾಪುರ.”

“ಎಣ್ಣಿ ಮಾರ್ಲಿಕ್ಕೇನು?”

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಾಲ್ಕನಿಗೆ ಓಡಿದೆ. ನಗುವೋ ಅಳುವೋ ನನಗೇ ತಿಳಿಯಲಿಲ್ಲ.

ಜೂನ್ 17, ಸಂಜೆ

ಐದು ದಿನ ಬರೆಯಲಿಲ್ಲ. ಹೇಳಲೋ ಬೇಡವೋ... ಇನ್ನು ಮೂರೇ ದಿನ.

ಇವತ್ತು ಅತ್ತೆ ಮತ್ತೆ ಮಿರ್ಚಿ ಭಜಿ ಕರಿಯುತ್ತಿದ್ದರು. ಪಕ್ಕದಲ್ಲಿ ನಿಂತು ಒಂದೇ ಉಸಿರಿನಲ್ಲಿ ಹೇಳಿದೆ. ಮಷಿನ್, ಸಾಲ, ಪಗಾರ, ಬ್ಯಾಂಕು, ಎರಡು ಹೆಸರು. ಊಟ ಬಿಡುತ್ತಾರೆ, ಅಳುತ್ತಾರೆ, ನನ್ನನ್ನು ಬೈಯುತ್ತಾರೆ... ಎಲ್ಲಕ್ಕೂ ತಯಾರಿದ್ದೆ.

ಅತ್ತೆ ಭಜಿ ತಿರುವಿ ಹಾಕಿದರು.

“ಎರಡು ತಿಂಗಳಿಂದ ದಿನಾ ಕರೀಲಿಕತ್ತೀನಿ. ಎಣ್ಣಿ ಮಾರಿದ್ರ ಇಷ್ಟ್ಯಾಕ ಉಳೀತಿತ್ತು? ನನಗ ಕಣ್ಣಿಲ್ಲೇನು?”

“ಗೊತ್ತಿತ್ತೇನ್ರಿ ಅತ್ಯಾ?”

“ನೀ ಯಾವಾಗ ಹೇಳ್ತಿ ಅಂತ ಕಾಯ್ಲಿಕತ್ತಿದ್ದೆ. ಸಾಲಕ್ಕ ಸಿಟ್ಟಿಲ್ಲವ್ವಾ. ಮುಚ್ಚಿಟ್ಟಿಯಲ್ಲ, ಅದಕ್ಕ ಸಿಟ್ಟು.”

ಗ್ಯಾಸ್ ಆರಿಸಿದರು. ಕೀಲಿ ಬಿಚ್ಚಿದರು. ಕಪಾಟಿನಿಂದ ಸರ್ಟಿಫಿಕೇಟ್ ಬಂತು. ಅದರ ಕೆಳಗಿನಿಂದ ಪೋಸ್ಟಾಫೀಸಿನ ಹಳೆಯ ಪಾಸ್‌ಬುಕ್ಕೂ ಬಂತು, 1983ರದು. ಹೆಸರು ತುಂಗಾ.

“ಯಾರಿದು?”

“ನಾನಽ. ಕೃಷ್ಣಾಬಾಯಿ ಅಂತ ಅಕ್ಕಿಯೊಳಗ ಬರದವರು ನಿಮ್ಮ ಮಾವನವರು. ಅವರ ಸೊಸೈಟಿ ಸಾಲಕ್ಕ ಮನಿಯೊಳಗಿನ ದುಡ್ಡೆಲ್ಲಾ ಹೋಗ್ತಿತ್ತು. ನಾ ಬ್ಲೌಸ್ ಹೊಲದು ಇದರಾಗ ಇಡ್ತಿದ್ದೆ. ವಿಕ್ರಮಗ ಹಾಲು, ಸಾಲಿ ಫೀ ಎಲ್ಲಾ ತುಂಗಾನ ಕೊಟ್ಟಾಕಿ. ಸಾಲಾನೂ ತೀರ್ತು, ನಾಲ್ಕು ವರ್ಷಕ್ಕ. ಮಂದಿಗೆ ಹೇಳಿಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ನನ್ನ ಬಾಯಿಗೆ ಬಿಸಿ ಭಜಿ ತುರುಕಿದರು. ಬಾಯಿ ಸುಟ್ಟಿತು, ಅಳು ನಿಂತಿತು.

ಜೂನ್ 18

ಅತ್ತೆಯೂ ಬ್ಯಾಂಕಿಗೆ ಬಂದರು. ಇರಕಲ್ ಸೀರೆ, ದೊಡ್ಡ ಕುಂಕುಮ. ಹುಡುಗಿ ಮತ್ತೆ “ಇಬ್ಬರಲ್ಲಿ...” ಎಂದು ಶುರುಮಾಡುವಷ್ಟರಲ್ಲಿ ಸರ್ಟಿಫಿಕೇಟ್ ಅವಳ ಮುಂದಿಟ್ಟು, ಮರಾಠಿಯಲ್ಲಿ, “ಹೆಸರು ಬದಲಿಸಿದವಳು ನಾನು. ಏನು ಕೇಳಬೇಕೋ ನನ್ನ ಕೇಳು” ಎಂದರು. ಪಾಪ, ಅವಳು ನೇರ ಫಾರ್ಮ್ ತೆಗೆದು ಮುಂದಿಟ್ಟಳು.

ತಿಂಗಳಿಗೆ ನಾಲ್ಕು ಸಲ ಬಿಟ್ಟಿಯಾಗಿ ದುಡ್ಡು ತೆಗೆಯಬಹುದು ಎಂದು ಅವಳು ವಿವರಿಸಿದಾಗ ಅತ್ತೆಗೆ ಭಾಳ ಖುಷಿ. ಹೊರಗೆ ಬಂದು, “ನಾಲ್ಕು ಸಾಕು. ವಿಕ್ರಮಗ ಕಾರ್ಡ್ ಮಾತ್ರ ಕೊಡಬ್ಯಾಡ” ಅಂದರು.

ಜೂನ್ 20, ಮಧ್ಯಾಹ್ನ 1.15

ನಂಬರ್ ಅಮೇಯನ ಕೈಗೆ. ಹಳೆ ಬ್ಯಾಂಕಿಗೂ ಹೋಗಿ ಬಂದೆ. ಬಾಯಿಬಿಟ್ಟು ಹೇಳಿದೆ: ತಿಂಗಳಿಗೆ ಒಂಬತ್ತು ಸಾವಿರ, ಆರನೇ ತಾರೀಖು, ನಾನೇ ಕಟ್ಟುತ್ತೇನೆ. ಮೇಲಿನವರನ್ನು ಕೇಳಿ ಒಪ್ಪಿದರು. ಸಾಲದ ಅವಧಿ ಉದ್ದವಾಯಿತು. ಆಗಲಿ. ವಿಕ್ರಮ ಮಷಿನ್ ಮಾರಲು ಹಡಪಸರದ ಒಬ್ಬರನ್ನು ಹಿಡಿದಿದ್ದಾನೆ.

ಜುಲೈ 1, ಬೆಳಿಗ್ಗೆ 9.40

ಬಂತು! ಅಡ್ವಾನ್ಸ್ ಹಿಡಿದ ಮೇಲೂ ಮೂವತ್ತನಾಲ್ಕು ಸಾವಿರ. ಹತ್ತು ಸಲ ನೋಡಿದೆ.

ಜುಲೈ 2, ಸಂಜೆ 7

ಇನ್ನೂ ಇದೆ! ಒಂದು ರೂಪಾಯಿಯನ್ನೂ ಬ್ಯಾಂಕು ಮುಟ್ಟಿಲ್ಲ. ಬರುವ ದಾರಿಯಲ್ಲಿ ಹತ್ತು ಕಿಲೋ ಅಕ್ಕಿ ತಂದೆ. ಅತ್ತೆ ಚೀಲ ಬಿಚ್ಚಿ, ತಟ್ಟೆಯಲ್ಲಿ ಒಂದು ಹಿಡಿ ಹರವಿದ್ದಾರೆ. ಬೆರಳಿನಿಂದ ಏನೋ ಬರೆಯುತ್ತಿದ್ದಾರೆ, ಇಲ್ಲಿಂದ ಕಾಣುತ್ತಿಲ್ಲ.

ಈಗ ಕರೆದರು. “ಸಪ್ನಾ...” ಅಂತ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಯಾರನ್ನು ಕರೆಯುತ್ತಿದ್ದಾರೆಂದು ಒಂದು ಕ್ಷಣ ತಿಳಿಯಲೇ ಇಲ್ಲ. ಬಂದೆ ಅತ್ಯಾ, ಬಂ—