ಮೆಲ್ಲಗೆ, ಜೋರಾಗಿ, ಮೆಲ್ಲಗೆ

ಬುಧವಾರ, ಮಧ್ಯಾಹ್ನ

ನನ್ನ ಬಂಗಾರಿ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಅಪ್ಪನ ಮೇಲೆ ನನಗೆ ಅನುಮಾನ ಬಂದಿದೆ. ನಗಬೇಡ.

ಒಂದು ತಿಂಗಳಿಂದ ನನ್ನ ಜೊತೆ ಮಾತೇ ಇಲ್ಲ. ಏನು ಕೇಳಿದರೂ ಬರೀ ‘ಹೂಂ’. ಆದರೆ ದಿನಾ ಹನ್ನೊಂದು ಗಂಟೆಗೆ ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಯಾರೋ ಹೆಂಗಸಿನ ಜೊತೆ ಇಂಗ್ಲಿಷ್. ನನ್ನ ಹೊಲಿಗೆ ಯಂತ್ರ ನಿಂತ ಕೂಡಲೇ ಒಳಗಿನ ದನಿಯೂ ನಿಲ್ಲುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ನಾನೇನು ಕಡಿಮೆಯೇ? ನಿನ್ನೆ ಬಟ್ಟೆಯನ್ನೇ ಇಡದೆ ಯಂತ್ರ ತುಳಿಯುತ್ತಾ ಕೇಳಿಸಿಕೊಂಡೆ.

ಗುಡ್-ಲುಕಿಂಗ್. ಸಾಫ್ಟ್-ಸ್ಪೋಕನ್. ಕೈಂಡ್-ಹಾರ್ಟೆಡ್. ಒಂದೊಂದನ್ನೂ ತುಂಡು ತುಂಡು ಮಾಡಿ, ಮುದ್ದು ಮಾಡಿದ ಹಾಗೆ ನಿಧಾನವಾಗಿ ಹೇಳುತ್ತಾರೆ. ಜೊತೆಗೆ ಮೇಜು ತಟ್ಟುತ್ತಾರೆ: ಮೆಲ್ಲಗೆ, ಜೋರಾಗಿ, ಮೆಲ್ಲಗೆ. ಜೋಡಿ ಪದಗಳಲ್ಲಿ ಒತ್ತು ಎಲ್ಲಿ ಬೀಳುತ್ತದೆ ಎಂದು ಶಾಲೆಯ ಮಕ್ಕಳಿಗೆ ಮೂವತ್ತು ವರ್ಷ ಹೀಗೇ ತಟ್ಟಿ ಕಲಿಸಿದವರಲ್ಲವೇ. ನಿವೃತ್ತಿಯಾದ ಮೇಲೆ ಈ ಪಾಠ ಯಾರಿಗೆ?

ಅಳತೆ ಕೊಡಲು ಬಂದ ಕಾಲೇಜು ಹುಡುಗಿಯನ್ನು ಅರ್ಥ ಕೇಳಿದೆ. ‘ನೋಡೋಕೆ ಚೆಂದ ಇರೋರು, ಮೆತ್ತಗೆ ಮಾತಾಡೋರು, ಮನಸ್ಸು ಒಳ್ಳೇದಿರೋರು ಅಂತ ಆಂಟಿ, ಯಾರಿಗಂದ್ರು?’ ಅಂತ ಕೇಳಿದಳು. ನನಗಂತೂ ಅಲ್ಲ ಎಂದೆ. ಅರವತ್ತಕ್ಕೆ ಅರಳು ಮರಳು ಅನ್ನುವುದು ಇದಕ್ಕೇ ಇರಬೇಕು. ಬೆಳಿಗ್ಗೆ ನೇರವಾಗಿ ಯಾರವಳು ಎಂದು ಕೇಳಿದೆ. ಮುಖ ಆ ಕಡೆ ತಿರುಗಿಸಿದರು.

ನಿನ್ನ ಹತ್ತಿರವಾದರೂ ಅವರು ನಿಜ ಹೇಳುತ್ತಾರೆ. ವಿಚಾರಿಸಿ ತಿಳಿಸು. ಅನುಮಾನ ನಿಜವಾದರೆ ಭಾನುವಾರ ಯಂತ್ರದ ಸಮೇತ ನಿನ್ನ ಮನೆಗೆ ಬರುತ್ತೇನೆ, ಜಾಗ ಮಾಡಿಡು.

ನಿನ್ನ
ಅಮ್ಮ

ತಾಜಾಕಲಂ: ಲಕೋಟೆ ಹುಡುಕುತ್ತಾ ಅವರ ಮೇಜಿನ ಖಾನೆ ಎಳೆದೆ. ಒಂದು ಹಾಳೆ ಸಿಕ್ಕಿತು. ಅದೇ ಪದಗಳು, ನಡುನಡುವೆ ಗೆರೆ, ಒತ್ತಿ ಹೇಳಬೇಕಾದ ತುಂಡಿನ ಮೇಲೆ ಚುಕ್ಕಿ. ಮೇಲೆ ಆಸ್ಪತ್ರೆಯ ಮೊಹರು, ಹೋದ ತಿಂಗಳ ತಾರೀಖು. ಅವರು ನಿನ್ನನ್ನು ನೋಡಲು ಬಂದಿದ್ದ ವಾರ. ಕೆಳಗೆ ನಿನ್ನ ಅಕ್ಷರ: ಮಾತಿನ ಡಾಕ್ಟರಮ್ಮ ಹನ್ನೊಂದಕ್ಕೆ ಫೋನ್ ಮಾಡ್ತಾರೆ, ನಾಲಿಗೆ ಸರಿಹೋಗೋವರೆಗೂ ಸ್ಟ್ರೋಕ್ ವಿಷಯ ಅಮ್ಮಂಗೆ ಹೇಳೋದು ಬೇಡ, ಗಾಬರಿ ಆಗ್ತಾಳೆ.

ಅನುಮಾನ ಪಡಬೇಕಾದ್ದು ನಿನ್ನ ಮೇಲೆ, ಕಳ್ಳಿ. ಪತ್ರ ಹರಿಯುವುದಿಲ್ಲ, ಓದಿ ಅನುಭವಿಸು. ಹಾಳೆ ಹಿಡಿದು ಅವರೆದುರು ಕುಳಿತೆ. ನನ್ನ ಹೆಸರು ಹೇಳಲು ಹೋಗಿ ನಡುವೆ ಸಿಕ್ಕಿಕೊಂಡರು. ನಾನೇ ಮೇಜು ತಟ್ಟಿದೆ.