ಅವನು ‘ಹಾಂ’ ಅಂದದ್ದು

ಐನಾಪುರ
ಸೋಮವಾರ, ೧೦ ಮಾರ್ಚ್ ೨೦೨೫

ದೀಪಾಲೀ,

ನಿನ್ನನ್ನು ನನ್ನ ಮೊಮ್ಮಗನ ಹೆಂಡತಿ ಎಂದು ಕರೆಯಬೇಕೋ, ನಿಪ್ಪಾಣಿಯ ಯಾರದೋ ಮಗಳು ಎಂದು ಕರೆಯಬೇಕೋ ಎಂಬುದನ್ನು ಹೋಳಿ ಹುಣ್ಣಿಮೆ ಕಳೆದ ಮೇಲಿನ ರವಿವಾರ ಹಿರಿಯರು ಕೂತು ತೀರ್ಮಾನಿಸುತ್ತಾರಂತೆ. ಅಲ್ಲಿಯತನಕ ನೀನು ನನಗೆ ಬರೇ ದೀಪಾಲಿ. ಆಶೀರ್ವಾದ ಮಾಡುವುದಕ್ಕೆ ಹಿರಿಯರ ಅಪ್ಪಣೆ ಬೇಕಿಲ್ಲ. ಮಾಡಿದ್ದೇನೆ, ತಗೋ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಪತ್ರ ಹಾಗಲ್ಲ, ಸಿಟ್ಟಿನಲ್ಲಿ ಹರಿದು ಒಗೆಯುವವರೂ ಒಂದೆರಡು ಸಾಲು ಓದಿಯೇ ಹರಿಯುತ್ತಾರೆ. ನಾನು ಸಾಲಿ ಕಲಿತದ್ದು ಮೂರನೇ ಇಯತ್ತೆಯ ತನಕ, ಅದೂ ಅರ್ಧ ವರ್ಷ ಎಮ್ಮೆ ಕಾಯ್ದು. ಒತ್ತಕ್ಷರಗಳು ತಮಗೆ ತಿಳಿದಲ್ಲಿ ಕೂತಿರುತ್ತವೆ. ಮನೆಯಲ್ಲಿ ಮರಾಠಿ ಮಾತಾಡಿಕೊಂಡು ಕನ್ನಡ ಸಾಲಿಗೆ ಹೋದವಳು ನೀನು, ನನ್ನ ತಪ್ಪುಗಳನ್ನು ದಾಟಿಕೊಂಡು ಓದುವುದು ನಿನಗೇನೂ ಕಷ್ಟವಲ್ಲ. ಇಬ್ರಾಹಿಮನ ತಂಗಿಯ ಮನೆ ನಿಮ್ಮ ಊರಲ್ಲೇ ಇದೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಹೊಸದಾಗಿ ಕಟ್ಟಿಸಿದ ಹಾಲಿನಲ್ಲಿರುವ ಆ ಹೋಮ್ ಥಿಯೇಟರನ್ನು ದುರಸ್ತಿ ಮಾಡಲು ಬಂದವನು ಅವನೇ.

ಹೌದು, ದುರಸ್ತಿ ಮಾಡಿಸಿದ್ದಾನೆ ನಿನ್ನ ಗಂಡ. ನೀನು ಹೋದದ್ದು ಆ ಸಪ್ಪಳಕ್ಕೇ ಎಂದು ದುಂಡೇಶ ತಿಳಿದಿದ್ದಾನೆ. ಹಾಡು ಹಚ್ಚಿದರೆ ಕಿವಿಗೆ ದಬ್ಬಣ ಚುಚ್ಚಿದ ಹಾಗಾಗುತ್ತದೆ ಎಂದು ನೀನು ಎಷ್ಟು ಸಲ ಹೇಳಿದ್ದೆ, ತಲೆಗೆ ಸೆರಗು ಬಿಗಿದುಕೊಂಡು ಒಳಗೆ ಹೋಗಿ ಮಲಗುತ್ತಿದ್ದೆ. ಅವನು ಅದನ್ನು ಹೆಂಗಸರ ಸೋಗು ಎಂದ. ನಿನ್ನ ಮಾವ ರಾವಸಾಹೇಬನೂ, ನನ್ನ ಹೊಟ್ಟೆಯಲ್ಲೇ ಹುಟ್ಟಿದ ಆ ಪುಣ್ಯಾತ್ಮ, ಅದನ್ನೇ ಅಂದ. ನೀನು ಹೋದ ಮೇಲೆ ಸಂಕ್ರಾಂತಿಯ ತನಕ ಇವನು ಹಟ ಹಿಡಿದು ಕೂತ. ಆಮೇಲೆ ಒಂದು ದಿನ ದ್ರಾಕ್ಷಿ ತೋಟದಿಂದ ಬಂದವನೇ ಕೈಕಾಲು ಸಹ ತೊಳೆಯದೆ, ಸಪ್ಪಳ ಮೆತ್ತಗಾದರೆ ಆಕೆ ಬರುತ್ತಾಳೇನು ಎಂದು ನನ್ನನ್ನು ಕೇಳಿದ. ನಾನು ರೊಟ್ಟಿಯ ತಾಟು ಅವನ ಮುಂದೆ ತಳ್ಳಿ ಎದ್ದು ಹೋದೆ. ಹಾಗೆ ಹೋಗುವುದಕ್ಕೆ ನನಗೆ ಕಾರಣವಿತ್ತು.

ಇಬ್ರಾಹಿಮ ಬಂದ. ಬಂದವನಿಗೆ ಮೊದಲು ಚಹಾ, ಆಮೇಲೆ ಚುರುಮುರಿ, ಆಮೇಲೆ ಮತ್ತೆ ಚಹಾ. ಇಷ್ಟಾಗುವ ತನಕ ಅವನು ಸ್ಕ್ರೂ ಸಹ ಮುಟ್ಟಲಿಲ್ಲ, ಬರೇ ಮಾತು. ಮೊದಲು ರಿಸೀವರ್ ಕೆಟ್ಟಿದೆ ಎಂದ. ಬಿಚ್ಚಿ ನೋಡಿ, ಕೆಟ್ಟಿಲ್ಲ ಎಂದ. ಸ್ಪೀಕರ್ ಹರಿದಿರಬೇಕು ಎಂದ, ಅದೂ ಹರಿದಿರಲಿಲ್ಲ. ವೈದ್ಯನ ಹೆಂಡತಿಯೂ ಇವನಿಗಿಂತ ಜಾಸ್ತಿ ಬಲ್ಲಳು ಎಂದು ನಾನು ಅಂದೆ. ಅವನು ನಕ್ಕು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದ. ಬಾವಿಯಲ್ಲಿ ತಟ್ಟಿದ ಹಾಗೆ ಅದು ನಾಲ್ಕೂ ಕಡೆಯಿಂದ ತಿರುಗಿ ಬಂತು.

ಆ ಹಾಲನ್ನು ನಿನ್ನ ಮಾವ ಹೇಗೆ ಕಟ್ಟಿಸಿದ್ದಾನೆ, ನಿನಗೆ ಗೊತ್ತಲ್ಲ. ನೆಲಕ್ಕೆ ಹೊಳೆಯುವ ಫರಸಿ ಕಲ್ಲು, ಎದೆಮಟ್ಟ ಗೋಡೆಗೂ ಹೊಳೆಯುವ ಫರಸಿ, ಎದುರಿಗೆ ಕನ್ನಡಿಯ ಕಪಾಟು. ಪರದೆ ಹಾಕಿದರೆ ಮಾರ್ಬಲ್ಲು ಕಾಣುವುದಿಲ್ಲವೆಂದು ಪರದೆಯನ್ನೂ ಹಾಕಿಸಿರಲಿಲ್ಲ. ಸಪ್ಪಳಕ್ಕೆ ಕೂರಲು ಒಂದು ಮೆತ್ತನೆಯ ಜಾಗವಿಲ್ಲ, ಬಡಿದು ಬಡಿದು ಅದು ಚೂಪಾಗುತ್ತದೆ ಎಂದ ಇಬ್ರಾಹಿಮ. ನಾನು ಟ್ರಂಕು ತೆಗೆಸಿ ನಾಲ್ಕು ಕೌದಿ ಹೊರಗೆ ಹಾಕಿದೆ. ಮೊಳೆ ಹೊಡೆದು ಗೋಡೆಗೆ ತೂಗಿದರು. ರಾವಸಾಹೇಬ ಬಂದು ನೋಡಿ, ಮನೆಯೋ ಧರ್ಮಶಾಲೆಯೋ ಎಂದು ಕೂಗಾಡಿದ. ಧರ್ಮಶಾಲೆಯಲ್ಲಾದರೂ ಜನ ಬಂದು ಇರುತ್ತಾರಪ್ಪಾ, ನಿನ್ನ ಅರಮನೆಯಿಂದ ಸೊಸೆ ಎದ್ದು ಹೋಗಿದ್ದಾಳೆ ಎಂದೆ. ಮತ್ತೆ ಅವನು ಆ ಕಡೆ ಬರಲಿಲ್ಲ.

ಆಮೇಲೆ ಇಬ್ರಾಹಿಮ ಸ್ಪೀಕರುಗಳ ಮುಖವನ್ನು ಸೋಫಾದಿಂದ ಸ್ವಲ್ಪ ಆಚೆ ತಿರುಗಿಸಿದ. ಡಬ್ಬಿಯ ಜೊತೆ ಬಂದ ಒಂದು ಸಣ್ಣ ಮೈಕಿದೆಯಂತೆ. ಅದನ್ನು ನಾವು ಕೂರುವ ಜಾಗದಲ್ಲಿ ಇಟ್ಟರೆ ರಿಸೀವರು ತಾನೇ ಕೋಣೆಯನ್ನು ಅಳೆದುಕೊಳ್ಳುತ್ತದೆ. ನಿನ್ನ ಗಂಡ ಅದನ್ನು ಸ್ಟೀಲಿನ ಕೊಡದ ಮೇಲಿಟ್ಟು ಅಳೆಸಿದ್ದನಂತೆ, ಪಂಖಾ ಬೇರೆ ತಿರುಗುತ್ತಿತ್ತು. ಎಲ್ಲ ಮೊದಲಿನಿಂದ ಮಾಡಿದರು. ಕೊನೆಗೆ ನೋಡಿದರೆ ಟ್ರೆಬಲ್ ಎಂಬುದನ್ನು, ಅಂದರೆ ಸಪ್ಪಳದ ಚೂಪು ಭಾಗವನ್ನು, ದುಂಡೇಶ ಏರುವಷ್ಟು ಏರಿಸಿ ಇಟ್ಟಿದ್ದ. ಅದನ್ನು ನಡುವಿಗೆ ಇಳಿಸಿದರು.

ಹಾಡು ಹಚ್ಚಿದರು ನೋಡು ದೀಪಾಲಿ, ಬೆಲ್ಲದ ಪಾಕ ಹದಕ್ಕೆ ಬಂದ ಹಾಗಿತ್ತು. ನಿನ್ನತ್ತೆ ಅಕ್ಕವ್ವ ಲಟ್ಟಣಿಗೆ ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಈಗ ಅವಳು ಇರಬೇಕಿತ್ತು ಎಂದಳು. ನಾನೂ ಅದನ್ನೇ ಎಣಿಸುತ್ತಿದ್ದೆ. ದುಂಡೇಶ ಮಾತ್ರ ಹುಬ್ಬು ಗಂಟು ಹಾಕಿಕೊಂಡು ಸ್ಪೀಕರಿನ ಹತ್ತಿರ, ಇನ್ನೂ ಹತ್ತಿರ ಹೋಗಿ ಕೂತ.

“ಇಬ್ರಾಹಿಮಣ್ಣಾ, ಹಾಡಿನ್ಯಾಗಿನ ಮಾತ ಎಲ್ಲಿ ಹೋದುವೋ?” ಅಂದ. “ಬರೇ ಢಮ್ ಢಮ್ ಕೇಳಾಕತ್ತೈತಿ.”

ಇಬ್ರಾಹಿಮ ಮೊದಲು ನಕ್ಕ. ಆಮೇಲೆ ಅವನ ನಗು ಅಲ್ಲೇ ನಿಂತಿತು. ಮೊಬೈಲಿನಲ್ಲಿ ಏನೋ ಒತ್ತಿ, ಸೀಟಿಯ ಹಾಗೆ ಸಣ್ಣ ದನಿ ಹೊರಡಿಸಿ, ಕೇಳಿದಾಗ ಎಲ್ಲರೂ ಕೈ ಎತ್ತಿರಿ ಎಂದ. ನಾನು ಎತ್ತಿದೆ, ಅಕ್ಕವ್ವ ಲಟ್ಟಣಿಗೆ ಎತ್ತಿದಳು, ದುಂಡೇಶನೂ ಎತ್ತಿದ. ಇನ್ನೊಂದು ದನಿ. ಮತ್ತೆ ಮೂವರೂ ಎತ್ತಿದೆವು. ಆಗ ನನಗೆ ಕಂಡಿತು, ದುಂಡೇಶ ಮೊದಲು ನನ್ನ ಕೈ ನೋಡುತ್ತಿದ್ದ, ಆಮೇಲೆ ತನ್ನದನ್ನು ಎತ್ತುತ್ತಿದ್ದ.

ಇಬ್ರಾಹಿಮನಿಗೂ ಕಂಡಿರಬೇಕು. ಭುಜ ಹಿಡಿದು ಅವನ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಸೀಟಿ ಕೂಗಿತು. ನಿಂತಿತು. ಮತ್ತೆ ಕೂಗಿತು. ಎಪ್ಪತ್ತು ದಾಟಿದ ಮುದುಕಿ ನಾನು, ನನ್ನ ಕಿವಿಯನ್ನು ಕೊರೆಯುತ್ತಿತ್ತು ಅದು. ಮೂವತ್ತರ ಗಂಡಸು ಕೌದಿಯ ಎದುರು ಸುಮ್ಮನೆ ನಿಂತಿದ್ದ, ಕೈಗಳು ತೊಡೆಯ ಬದಿಗೆ ಇಳಿಬಿದ್ದಿದ್ದವು. “ಚಾಲೂ ಮಾಡೋ, ಎಷ್ಟೊತ್ತು ನಿಂದರ್ಲಿ?” ಅಂದ.

ಇಬ್ರಾಹಿಮ ಸೀಟಿ ನಿಲ್ಲಿಸಿದ. ನಿಲ್ಲಿಸಿದ್ದೂ ಅವನಿಗೆ ತಿಳಿಯಲಿಲ್ಲ.

ಮಿರಜಿನ ಕಿವಿ ಡಾಕ್ಟರ ಕಡೆ ನಾನೇ ಕರೆದುಕೊಂಡು ಹೋದೆ, ಬರುವುದಿಲ್ಲ ಎಂದವನನ್ನು ಬೈದು ಬೈದು. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದ. ಏನು ಕೆಲಸ ಮಾಡುತ್ತಿ ಎಂದು ಕೇಳಿದ. ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತೇನೆ ಎಂದ ಇವನು. ಅಷ್ಟೇ ಸಾಕಾಯಿತು. ನಮ್ಮ ಸೀಮೆಯ ಹುಡುಗರಿಗೆ ಕಬ್ಬಿನ ಟ್ರ್ಯಾಕ್ಟರ್ ಎಂದರೆ ಮದುವೆಯ ಮೆರವಣಿಗೆ. ಡ್ರೈವರನ ತಲೆಗೆ ಹತ್ತಿಕೊಂಡೇ ಸ್ಪೀಕರ್ ಕಟ್ಟುತ್ತಾರೆ, ಹಿಂದಿನ ಎರಡು ಟ್ರೇಲರೂ ಕುಣಿಯಬೇಕು. ಮೀಸೆ ಮೂಡುವ ಮುಂಚಿನಿಂದ ಇವನು ಹಾಗೇ ಕಾರ್ಖಾನೆಗೆ ಹೋಗಿ ಬಂದವನು. ದುಂಡ್ಯಾನ ಟ್ರ್ಯಾಕ್ಟರ್ ಬರುವುದು ಕಾರ್ಖಾನೆಯಿರುವ ಉಗಾರದಿಂದಲೇ ಕೇಳುತ್ತದೆ ಎಂದು ಓಣಿಯವರು ಅಂದರೆ ನಮಗೆಲ್ಲ ಹೆಮ್ಮೆ.

ದಪ್ಪ ಸಪ್ಪಳ ಅವನಿಗೆ ಕೇಳುತ್ತದಂತೆ, ಸಣ್ಣದು ಹೋಗಿದೆ. ಯಾರೋ ಮಾತಾಡುತ್ತಿದ್ದಾರೆ ಎಂದು ತಿಳಿಯುತ್ತದೆ, ಏನು ಎಂದು ತಿಳಿಯುವುದಿಲ್ಲ. ಅದರಲ್ಲೂ ಹೆಣ್ಣು ದನಿ, ಅದರಲ್ಲೂ ಹಿಂದಿನಿಂದ, ಅದರಲ್ಲೂ ಹಾಡು ನಡೆದಾಗ. ಹೋದದ್ದು ತಿರುಗಿ ಬರುವುದಿಲ್ಲ, ಕಿವಿಗೆ ಮಷಿನ್ ಹಾಕಿಕೊಂಡರೆ ಇದ್ದದ್ದು ಉಪಯೋಗಕ್ಕೆ ಬರುತ್ತದೆ ಎಂದ ಡಾಕ್ಟರು. ಟ್ರೆಬಲ್ ಯಾಕೆ ಅಷ್ಟು ಏರಿಸಿದ್ದ ಎಂಬುದು ನನಗೆ ಅಲ್ಲಿ ಕೂತಾಗ ತಿಳಿಯಿತು. ನಿನ್ನ ತಲೆ ಸಿಡಿಯಬೇಕೆಂದಲ್ಲ. ಅಷ್ಟು ಏರಿಸಿದಾಗ ಮಾತ್ರ ಅವನಿಗೆ ಹಾಡಿನ ಮಾತು ಸಿಗುತ್ತಿತ್ತು.

ಈಗ ‘ಹಾಂ’ ಎಂಬುದರ ಸುದ್ದಿ. ಇದಕ್ಕಾಗಿಯೇ ಪತ್ರ ಬರೆಯಲು ಕೂತದ್ದು.

ನಮ್ಮ ಕಡೆ ಆ ಒಂದು ಅಕ್ಷರದಲ್ಲೇ ಸಂಸಾರ ನಡೆದುಹೋಗುತ್ತದೆ. ಹೌದು ಎಂದರೂ ಹಾಂ. ಏನಂದೆ, ಕೇಳಲಿಲ್ಲ ಎಂದರೂ ಹಾಂ. ಆಗಲಿ ಎಂದರೂ, ಸಾಕು ಸುಮ್ಮನಿರು ಎಂದರೂ ಹಾಂ. ಕಿವಿ ಹೋಗುತ್ತಿರುವವನಿಗೆ ಇದಕ್ಕಿಂತ ಒಳ್ಳೆಯ ಊರುಗೋಲು ಬೇಕೇ? ಯಾರು ಏನೇ ಅಂದರೂ ಅವರ ಮುಖ ನೋಡಿ ಒಂದು ಹಾಂ ಒಗೆದುಬಿಡುತ್ತಿದ್ದ. ಓಣಿಯ ಭೀಮಗೊಂಡ ಬಂದು ತನ್ನ ಎಮ್ಮೆ ಸತ್ತಿತು ಎಂದಾಗ ಇವನು, ಹಾಂ, ಛಲೋ ಆತ ಬಿಡು ಎಂದಿದ್ದು ನೆನಪಿದೆಯಲ್ಲ? ಭೀಮಗೊಂಡ ಇವತ್ತಿಗೂ ನಮ್ಮ ಕಟ್ಟೆ ಹತ್ತುವುದಿಲ್ಲ. ನಾವೆಲ್ಲ ದುಂಡೇಶನಿಗೆ ಸೊಕ್ಕು ಎಂದುಕೊಂಡೆವು.

ನೀನು ಅವನಿಗೆ ಏನು ಹೇಳಿದ್ದೆ ಎಂಬುದು ನನಗೆ ಗೊತ್ತಿದೆ ಮಗಳೇ. ನೀನು ಹೋದ ವಾರವೇ ನಿಮ್ಮವ್ವ ಫೋನು ಮಾಡಿ, ಅತ್ತು, ನನ್ನನ್ನು ಶಪಿಸಿ, ಹೇಳಿದಳು. ಬಸಿರಾದದ್ದನ್ನು ನೀನು ಇನ್ನೂ ಯಾರಿಗೂ ಹೇಳಿರಲಿಲ್ಲ. ಹೇಳುವ ಮುಂಚೆಯೇ ಅದು ಹೋಯಿತು. ಅವತ್ತು ಸಂಜೆ ಅವನು ಹಾಡು ಹಚ್ಚಿ ರಿಮೋಟ್ ಹಿಡಿದು ಕೂತಿದ್ದಾಗ, ನೀನು ಸೋಫಾದ ಹಿಂದೆ ನಿಂತು, ಕೂಸು ಬಂದಿತ್ತು, ನಿಲ್ಲಲಿಲ್ಲ ಎಂದೆಯಂತೆ. ಅವನು ತಿರುಗಲಿಲ್ಲ. ಹಾಂ ಎಂದು, ಸಪ್ಪಳ ಇನ್ನಷ್ಟು ಏರಿಸಿದನಂತೆ.

ನಾನೂ ಅವನನ್ನು ಪಶು ಎಂದುಕೊಂಡೆ. ಅವನ ತಾಟಿಗೆ ರೊಟ್ಟಿ ಹಾಕುವಾಗ ಮುಖ ನೋಡುತ್ತಿರಲಿಲ್ಲ. ಬೈಯಲಿಲ್ಲ, ಬೈಯುವುದಕ್ಕೂ ಯೋಗ್ಯನಲ್ಲ ಎನ್ನಿಸಿತ್ತು. ನನ್ನ ಬಾಯಿ ನಿನಗೆ ಗೊತ್ತು, ಅದು ಸುಮ್ಮನಿತ್ತು ಎಂದರೆ ಎಷ್ಟು ಹೇಸಿಕೆ ಬಂದಿರಬೇಕು ಲೆಕ್ಕ ಹಾಕು.

ಅವನು ಅಂದದ್ದು ಹೌದು ಎಂಬ ಹಾಂ ಅಲ್ಲ. ಏನಂದೆ ಎಂಬ ಹಾಂ. ಸಪ್ಪಳ ಏರಿಸಿದ್ದೂ ಹಾಡಿನ ಮಾತು ಸಿಗಲೆಂದೇ ಇರಬೇಕು. ನೀನು ಎರಡನೇ ಸಲ ಹೇಳಲಿಲ್ಲ. ಅಂಥ ಮಾತನ್ನು ಎರಡು ಸಲ ಯಾವ ಹೆಣ್ಣೂ ಹೇಳುವುದಿಲ್ಲ, ಅದು ನಿನ್ನ ತಪ್ಪೆಂದು ನಾನು ಅನ್ನುವುದಿಲ್ಲ. ಆದರೆ ನಿನ್ನ ದನಿಯಾದರೂ ಎಂಥದ್ದು, ಬೆಕ್ಕು ಹಾಲು ನೆಕ್ಕಿದಷ್ಟು. ಮದುವೆಯಾದ ಹೊಸದರಲ್ಲಿ ಆಯೀ ಎಂದು ಕರೆದರೆ ನನ್ನನ್ನೇ ಕರೆದದ್ದು ಎಂದು ತಿಳಿಯುತ್ತಲೇ ಇರಲಿಲ್ಲ, ನಮ್ಮಲ್ಲಿ ಆಯಿ ಎಂದರೆ ಅಜ್ಜಿ, ನಿಮ್ಮ ಮರಾಠಿಯಲ್ಲಿ ಹಡೆದವ್ವ; ತನ್ನಷ್ಟಕ್ಕೆ ಅವ್ವನನ್ನು ನೆನೆಯುತ್ತಿದ್ದಾಳೆ ಎಂದು ಸುಮ್ಮನಿದ್ದುಬಿಡುತ್ತಿದ್ದೆ.

ಮಿರಜಿನಿಂದ ಬರುವಾಗ ಬಸ್ಸಿನಲ್ಲಿ ಅವನು, ಕಾಗವಾಡ ದಾಟಿದ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದ: “ಆಕೀಗೆ ಹೇಳಬ್ಯಾಡ ಆಯಿ. ಕೆಟ್ಟಾವ ಅಂದ್ಕೊಂಡ ಬಿಟ್ಟ ಹೋಗ್ಲಿ. ಕಿವುಡ ಅಂತ ಕನಿಕರಪಟ್ಟ ಉಳಿಯೂದ ಬ್ಯಾಡ.”

ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಈಗ ಹೇಳಿದ್ದೇನೆ. ಈ ವಯಸ್ಸಿನಲ್ಲಿ ಕೊಟ್ಟ ಮಾತು ಮುರಿದರೆ ದೇವರು ಏನು ಮಾಡಿಯಾನು, ಕರೆದುಕೊಂಡು ಹೋದಾನು.

ಬಾ ಎಂದು ನಾನು ಬೇಡುವುದಿಲ್ಲ. ಗಂಡನನ್ನು ಬಿಡುವ ಸೋಡಚೀಟಿಗೆ ಸಹಿ ಹಾಕಬೇಡ ಎಂದೂ ಅನ್ನುವುದಿಲ್ಲ. ಮಷಿನ್ ಹಾಕಿಕೊಳ್ಳಲು ಅವನು ಇನ್ನೂ ಒಪ್ಪಿಲ್ಲ, ಒಪ್ಪುತ್ತಾನೆ ಎಂದು ಸುಳ್ಳು ಬರೆಯಲಾರೆ. ಊರು ಅವನಿಗೆ ಕಿವುಡ ಎಂದು ಹೆಸರಿಡುತ್ತದೆ. ಮನೆಯಲ್ಲಿ ಒಂದು ಮಾತನ್ನು ಮೂರು ಸಲ ಆಡಬೇಕಾಗುತ್ತದೆ. ಅವನು ಸಿಟ್ಟಾಗುತ್ತಾನೆ, ನೀನೂ ಸಿಟ್ಟಾಗುತ್ತಿ. ಇದು ಬೇಡವೆಂದು ಬಿಡುವುದಾದರೆ ಬಿಡು, ನಾನೇ ನಿನ್ನ ಪರವಾಗಿ ರಾವಸಾಹೇಬನ ಬಾಯಿ ಮುಚ್ಚಿಸುತ್ತೇನೆ. ಆದರೆ ಹಿರಿಯರ ಎದುರು ಕೂತು, ನನ್ನ ಕೂಸು ಸತ್ತದ್ದನ್ನು ಕೇಳಿಯೂ ಅವನ ಎದೆಯಲ್ಲಿ ಏನೂ ಆಗಲಿಲ್ಲ ಎಂದು ಹೇಳಿ ಬಿಡಬೇಡ. ಅದು ನಿಜವಲ್ಲ. ಆ ಸುಳ್ಳನ್ನು ಇಟ್ಟುಕೊಂಡು ನೀನು ಇನ್ನೊಬ್ಬನ ಜೊತೆಗೂ ಬಾಳಲಾರೆ.

ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಉಣ್ಣು. ಬಸಿರು ಹೋದ ಮೈಗೆ ಬಿಸಿ ಅನ್ನ, ತುಪ್ಪ, ಅಂಟಿನುಂಡಿ ಬೇಕು. ನಿಮ್ಮವ್ವನಿಗೆ ಮಾಡಲು ಬರದಿದ್ದರೆ ಇಬ್ರಾಹಿಮನ ಚೀಲದಲ್ಲಿ ಡಬ್ಬಿ ಇದೆ, ತೆಗೆದುಕೊ. ಅವನು ದಾರಿಯಲ್ಲಿ ತಿಂದಿರದಿದ್ದರೆ.

ನಿನ್ನ ಒಳಿತನ್ನೇ ಬಯಸುವ ಬಾಯಿಬಡಕಿ,
ಆಯಿ ಗಿರಿಜವ್ವ

ತಾ.ಕ.: ಯಾರಿಗೂ ಹೇಳುವುದಿಲ್ಲವೆಂದು ನಿಮ್ಮವ್ವನಿಗೂ ನಾನು ಒಂದು ಮಾತು ಕೊಟ್ಟಿದ್ದೆ, ಅದನ್ನು ಮುರಿದಿಲ್ಲ. ಕೂಸಿನ ಸುದ್ದಿ ದುಂಡೇಶನಿಗೆ ಇನ್ನೂ ಗೊತ್ತಿಲ್ಲ. ನೀನು ಹಾಡಿನ ಸಪ್ಪಳಕ್ಕೆ ಹೋದೆ ಎಂದೇ ತಿಳಿದು ದಿನಾ ಸಂಜೆ ಕೌದಿಗಳನ್ನು ಸರಿಮಾಡಿ, ಹಾಡು ಹಚ್ಚಿ, ಈಗ ಮೆತ್ತಗಿದೆಯೇ ಆಯಿ ಎಂದು ನನ್ನನ್ನು ಕೇಳುತ್ತಾನೆ. ತನಗೆ ಕೇಳುವುದಿಲ್ಲವಲ್ಲ. ಅವನು ತಂದೆಯಾಗಿದ್ದ ಎಂಬುದನ್ನು ಅವನಿಗೆ ನಾನು ಹೇಳಬಾರದು, ಹಿರಿಯರೂ ಹೇಳಬಾರದು. ಇರುವುದಾದರೂ ಸರಿ, ಬಿಡುವುದಾದರೂ ಸರಿ, ಒಂದು ಸಲ ಬಂದು ನೀನೇ ಹೇಳು. ಹಿಂದೆ ನಿಲ್ಲಬೇಡ. ಎದುರಿಗೆ ಕೂತು, ತುಟಿ ಅವನಿಗೆ ಕಾಣುವ ಹಾಗೆ, ಗಟ್ಟಿಯಾಗಿ ಹೇಳು. ಓಣಿಗೆ ಕೇಳಿದರೆ ಕೇಳಲಿ.