ಚೌಕಟ್ಟಿನ ಎರಡು ತೂತು

ಕಾಲ್‌ಫೀಲ್ಡ್, ಮಂಗಳವಾರ

ಮನೆ ಮಾಲೀಕರಾದ ಪಾವ್ಲಿಡಿಸ್ ಅವರಿಗೆ,

“ಯೆಹೂದಿಗಳೇ ತೊಲಗಿ” ಎಂದು ನನ್ನ ಬಾಗಿಲ ಮೇಲೆ ಯಾರೋ ಗೀಚಿದ್ದಕ್ಕೆ ಬಣ್ಣ ಬಳಿಯಲು ನಾಳೆ ಪೇಂಟರನ್ನು ಕಳಿಸುತ್ತಿದ್ದೀರಿ, ಉಪಕಾರವಾಯಿತು. ನೀವು ಹೇಳಿದಂತೆ ಬಾಗಿಲ ಚೌಕಟ್ಟಿಗೆ ಎರಡು ಮೊಳೆ ಹೊಡೆದು ಕೂರಿಸಿದ್ದ ಪ್ರಾರ್ಥನೆಯ ಡಬ್ಬಿ, ನಮ್ಮ ಮೆಝೂಜಾ, ಕಿತ್ತು ಒಳಗಿಟ್ಟೆ. ಹೊರಡುವಾಗ ಅದನ್ನು ಮುಟ್ಟಿ ನಮಿಸಲು ಕೈ ಇನ್ನೂ ಅಲ್ಲಿಗೇ ಹೋಗುತ್ತದೆ. ಮೆಟ್ಟಿಲಲ್ಲಿ ಸಪ್ಪಳವಾದರೆ ಎದ್ದು ಹೋಗಿ ಚಿಲಕ ಮತ್ತೊಮ್ಮೆ ನೋಡುತ್ತೇನೆ.

ಇವತ್ತು ಮೇಲಿನ ಮನೆಯ ಹನಾನ್, “ಡಬ್ಬಿ ಎಲ್ಲಿ ಅಜ್ಜಿ?” ಅಂದಳು.

“ಹೆದರಿಕೆ ಕಣೇ.”

“ಟ್ರಾಮಲ್ಲಿ ಯಾರೋ ನನ್ನ ಹಿಜಾಬ್ ಎಳೆದಾಗ, ‘ತೆಗೀಬೇಡ, ನಾನೂ ಜೊತೆಗೆ ಬರ್ತೀನಿ’ ಅಂತ ತಿಂಗಳುಗಟ್ಟಲೆ ಬಂದೋರು ನೀವೇ ಅಲ್ವಾ?”



ಹೆದರಿಕೆಯೇನೂ ಹೋಗಿಲ್ಲ. ಬಾಗಿಲಿಗೆ ಬಣ್ಣ ಬಳಿಯಲಿ. ಚೌಕಟ್ಟಿನ ಎರಡು ಮೊಳೆ ತೂತು ಮಾತ್ರ ಮುಚ್ಚಬೇಡವೆಂದು ಪೇಂಟರಿಗೆ ಹೇಳಿ.

ಇಂತಿ,
ಎರಡನೇ ಮನೆಯ ಡ್ವೋರಾ ಫೆಲ್ಡ್‌ಶರ್